ಬಾಳೆನಾರಿನ ಕಾಗದ ತಯಾರಿ: ಎಂಟನೇ ತರಗತಿಯ ಪೋಷಕರ ಗಮನಕ್ಕೆ

ಮಾನ್ಯ ಪೋಷಕರೇ,
ನಮಸ್ಕಾರ.

ಶನಿವಾರದ ಕಾಗದ ತಯಾರಿ ತರಗತಿಯ ಬಗ್ಗೆ ನಿಮ್ಮಲ್ಲಿ ಕೆಲವರು ಬಂದು ಬೇಸರ ಹೇಳಿಕೊಂಡಿದ್ದೀರಿ. ಬಿಳಿ ಅಂಗಿಗೆ ಬಾಳೆಯ ಕರೆ ಹತ್ತಿದೆ ಎಂಬುದು ಒಂದು, ಮಕ್ಕಳ ಕೈಗೆ ಸೋಡಾ ಕೊಡುತ್ತಿದ್ದಾರೆ ಎಂಬುದು ಇನ್ನೊಂದು. ಮೊದಲನೆಯದು ನಮ್ಮದೇ ತಪ್ಪು. ಬಾಳೆಯ ಸೊನೆಗೆ ಗಾಳಿ ತಗುಲಿದರೆ ಕಪ್ಪಾಗುತ್ತದೆ, ಒಗೆದರೆ ಹೋಗುವ ಕಲೆ ಅದಲ್ಲ. ಗೊತ್ತಿದ್ದೂ ಮಕ್ಕಳನ್ನು ಸಮವಸ್ತ್ರದಲ್ಲೇ ಕೂರಿಸಿದ್ದು ಸರಿಯಾಗಲಿಲ್ಲ, ಕ್ಷಮೆ ಇರಲಿ.

ಸೋಡಾದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಾವು ಬಳಸುವುದು ಬಟ್ಟೆ ಒಗೆಯುವ ಸೋಡಾ. ಕಾಸ್ಟಿಕ್ ಸೋಡಾ ಅಲ್ಲ. ಚರ್ಮ ಸುಡುವ ಆ ವಸ್ತುವನ್ನು ಈ ತರಗತಿಗೆ ತಂದಿಲ್ಲ, ತರುವುದೂ ಇಲ್ಲ. 1 ಕೆ.ಜಿ. ಒಣನಾರಿಗೆ 200 ಗ್ರಾಂ ಪುಡಿ ಸೋಡಾ, 15 ಲೀಟರ್ ನೀರು. ಹರಳು ಸೋಡಾ ಸಿಕ್ಕಿದರೆ ಸುಮಾರು 540 ಗ್ರಾಂ ಬೇಕು, ಏಕೆಂದರೆ ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಪಾತ್ರೆ ಸ್ಟೀಲಿನದು, ಅಲ್ಯೂಮಿನಿಯಂ ಆದರೆ ಸೋಡಾ ಅದನ್ನೇ ತಿನ್ನುತ್ತದೆ.

ಸೋಡಾ ಬಿಟ್ಟು ಬರೀ ನೀರಿನಲ್ಲಿ ಬೇಯಿಸಬಾರದೇ ಎಂದು ಕೇಳಿದವರಿಗೆ: ಆಗುವುದಿಲ್ಲ. ನಾರಿನ ಎಳೆಗಳನ್ನು ಅಂಟಿಸಿ ಹಿಡಿದಿರುವ ಲಿಗ್ನಿನ್, ಪೆಕ್ಟಿನ್ ಸಡಿಲವಾಗಲು ಸೋಡಾದಂಥ ಕ್ಷಾರವೇ ಬೇಕು. ಇಲ್ಲವಾದರೆ ಎಷ್ಟು ಜಜ್ಜಿದರೂ ಸಿಕ್ಕುಸಿಕ್ಕಾಗಿ, ಕಾಗದವೆಂದು ಎತ್ತಿದ್ದು ತೆಂಗಿನ ನಾರಿನ ಮ್ಯಾಟಿನಂತೆ ಇರುತ್ತದೆ.

ಆದರೆ ನಿಮ್ಮ ಆತಂಕ ಸುಳ್ಳೆಂದು ನಾನು ಹೇಳುತ್ತಿಲ್ಲ. ಒಗೆಯುವ ಸೋಡಾವೇ ಆದರೂ ಕುದಿಯುವಾಗ ಸಿಡಿದರೆ ಕಣ್ಣಿಗೆ ಅಪಾಯ. ಹಾಗಾಗಿ ಇನ್ನು ಮುಂದೆ ಬೇಯಿಸುವ ಕೆಲಸ ಶುಕ್ರವಾರ ಸಂಜೆ, ಮಕ್ಕಳು ಮನೆಗೆ ಹೋದ ಮೇಲೆ. ಮೂರು ಗಂಟೆ ಒಲೆಯ ಬಳಿ ನಿಲ್ಲುವವರು ಶಿಕ್ಷಕರು ಮಾತ್ರ, ಕೈಗವಸು, ಕನ್ನಡಕ ಹಾಕಿಕೊಂಡು. ಮೊದಲ ನಾಲ್ಕು ನೀರಿನಲ್ಲಿ ತೊಳೆಯುವುದೂ ಅವರೇ. ಮಕ್ಕಳ ಕೈಗೆ ಬರುವುದು ಜಾರುವ ಗುಣ ಹೋದ ನಾರು. ಅದರ ನೀರಿಗೆ ಕೆಂಪು ಲಿಟ್ಮಸ್ ಅದ್ದಿ, ಬಣ್ಣ ಬದಲಾಗಲಿಲ್ಲ ಎಂದು ಮಕ್ಕಳೇ ನೋಡಿದ ಮೇಲಷ್ಟೇ ಮುಂದಿನ ಕೆಲಸ. ನೀಲಿಗೆ ತಿರುಗಿದರೆ ಸೋಡಾ ಇನ್ನೂ ಉಳಿದಿದೆ ಎಂದರ್ಥ, ಮತ್ತೆ ತೊಳೆಯುತ್ತೇವೆ.

ಆಮೇಲಿನದು ಪೂರ್ತಿ ಮಕ್ಕಳದು. ಕಲ್ಲಿನ ಮೇಲೆ ಮರದ ಕೊಡತಿಯಿಂದ ಜಜ್ಜಬೇಕು. ಮಿಕ್ಸಿ ಬೇಗ ಮುಗಿಸುತ್ತದೆ ನಿಜ, ಆದರೆ ಎಳೆಯನ್ನು ಕತ್ತರಿಸಿಬಿಡುತ್ತದೆ, ಹಾಳೆ ಮಡಚಿದಲ್ಲೇ ಹರಿಯುತ್ತದೆ. ಹೀಗೆ ಜಜ್ಜಿ ಬಂದ ತಿರುಳಿನಿಂದ ಚಿಟಿಕೆಯಷ್ಟನ್ನು ನೀರು ತುಂಬಿದ ಗಾಜಿನ ಬಾಟಲಿಗೆ ಹಾಕಿ ಕುಲುಕಿ ಬೆಳಕಿಗೆ ಹಿಡಿದಾಗ ಮೋಡದಂತೆ ಹರಡಿದರೆ ಸಾಕು. ಗಂಟು ಕಂಡರೆ ಮತ್ತೆ ಕಲ್ಲಿಗೆ. ತಿರುಳನ್ನು ನೀರಿನಲ್ಲಿ ಕಲಸಿ, ಜಾಲರಿಯಲ್ಲಿ ಎತ್ತಿದ ಹಾಳೆಯನ್ನು ಹತ್ತಿಬಟ್ಟೆಯ ಮೇಲೆ ಮಗುಚಿ, ಭಾರ ಹೇರಿ ನೀರು ಹಿಂಡಿ, ಹಲಗೆಗೆ ಒತ್ತಿ ನೆರಳಿನಲ್ಲಿ ಒಣಗಿಸುತ್ತಾರೆ. ಬಿಸಿಲಿಗೆ ಬಿಡಿಯಾಗಿಟ್ಟರೆ ಮುರುಟುತ್ತದೆ. ನಮ್ಮ ಮಳೆಗಾಲದಲ್ಲಿ ಎರಡು ದಿನ ಒದ್ದೆ ಉಳಿದರೆ ಬೂಷ್ಟು, ಅದಕ್ಕೇ ಈ ತರಗತಿ ನವೆಂಬರಿನ ನಂತರ.

ಬಾಳೆಯೇ ಏಕೆ ಎಂದು ಉಡುಪಿಯವರಿಗೆ ಹೆಚ್ಚು ಹೇಳಬೇಕಿಲ್ಲ. ಗೊನೆ ಕಡಿದ ಮೇಲೆ ಆ ಗಿಡ ಮತ್ತೆ ಫಲ ಕೊಡುವುದಿಲ್ಲ. ಅದರ ನಾರಿನ ಗಟ್ಟಿತನ ಶಂಕರಪುರ ಮಲ್ಲಿಗೆ ಕಟ್ಟುವ ಕೈಗಳಿಗೆ ಗೊತ್ತು. ಕಾಗದಕ್ಕೆ ಮರದ ತಿರುಳು ಬಂದದ್ದೇ 19ನೇ ಶತಮಾನದಲ್ಲಿ. ಅದಕ್ಕೂ ಮೊದಲು ಚಿಂದಿಬಟ್ಟೆ, ಸೆಣಬು, ತೊಗಟೆಯಿಂದಲೇ ಮಾಡುತ್ತಿದ್ದರು. ಪಾಠದ ಸಮಯ ಹಾಳಾಗುತ್ತದೆ ಎಂಬ ಮಾತೂ ಬಂದಿದೆ. ಆಮ್ಲ, ಕ್ಷಾರದ ಪಾಠ ಇಲ್ಲಿ ಮಕ್ಕಳ ಬೆರಳಿಗೇ ತಿಳಿಯುತ್ತದೆ, ಆದ್ದರಿಂದ ತರಗತಿ ನಿಲ್ಲಿಸುವುದಿಲ್ಲ. ನೋಡಬೇಕೆಂದಿದ್ದವರು ಶುಕ್ರವಾರ ಸಂಜೆ ನಾಲ್ಕೂವರೆಗೆ ಖಂಡಿತ ಬನ್ನಿ.

ಶನಿವಾರ ಮಕ್ಕಳ ಚೀಲದಲ್ಲಿ ಒಂದು ಹಳೆಯ ಅಂಗಿ ಇಟ್ಟು ಕಳಿಸಿ.

ವಂದನೆಗಳೊಂದಿಗೆ,
ಮುಖ್ಯ ಶಿಕ್ಷಕಿ