ಟಿಕೆಟ್ ಕ್ಯಾನ್ಸಲ್ ಮಾಡಬೇಡ, ಮಗಳೇ

ಪ್ರೀತಿಯ ಮಗಳೇ,

ನಿನ್ನೆ ರಾತ್ರಿ ಫೋನಿನಲ್ಲಿ "ರಾಂಚಿ ಟಿಕೆಟ್ ಕ್ಯಾನ್ಸಲ್ ಮಾಡಿಬಿಡ್ಲಾ ಅಮ್ಮ?" ಅಂತ ಕೇಳಿದೆಯಲ್ಲ, ಆಗ ಪಪ್ಪ ಪಕ್ಕದಲ್ಲೇ ಕೂತಿದ್ದರು. ಅವರ ಬಿ.ಪಿ. ಏರುವುದು ಬೇಡವೆಂದು ನಾನು ಜಾಸ್ತಿ ಮಾತಾಡಲಿಲ್ಲ. ಈಗ ಬರೆಯುತ್ತಿದ್ದೇನೆ. ಕ್ಯಾನ್ಸಲ್ ಮಾಡಬೇಡ.

ಭಾನುವಾರ ಆರಾಧನೆ ಮುಗಿದ ಮೇಲೆ, ರಾಂಚಿಯ ಮಿಷನಿನಲ್ಲಿ ಲೆಕ್ಕ ನೋಡುವ ಕೆಲಸಕ್ಕೆ ಹೋಗಲು ನೀನು ನಮ್ಮ ಚರ್ಚಿನ ಸಭೆಯವರ ಹತ್ತಿರ ತಿಂಗಳ ಬೆಂಬಲ ಕೇಳಿದಾಗ ಏನಾಯಿತೆಂದು ಇಬ್ಬರಿಗೂ ಗೊತ್ತು, ಅದನ್ನು ಮತ್ತೆ ಕೆದಕುವುದಿಲ್ಲ. ಆದರೆ ಒಂದು ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. "ಸುವಾರ್ತೆ ಸಾರಲು ಹೋಗುವವಳಾದರೆ ಕೊಡಬಹುದಿತ್ತು. ಕಂಪ್ಯೂಟರ್ ಮುಂದೆ ಲೆಕ್ಕ ಬರೆಯುವವಳಿಗೆ ಕಾಣಿಕೆ ಯಾಕೆ?" ಹೇಳಿದವರು ಕೆಟ್ಟವರೇನಲ್ಲ, ನಿನ್ನ ದೀಕ್ಷಾಸ್ನಾನಕ್ಕೆ ಬಂದು ಹರಸಿದವರೇ. ಅವರಿಗೆ ಗೊತ್ತಿಲ್ಲ. ನನಗೆ ಗೊತ್ತಿದೆ.

ನಾನು ಮೇಟ್ರನ್ ಆಗಿದ್ದ ಬೋರ್ಡಿಂಗ್ ಹೋಂ ಮುಚ್ಚಿತು ಎನ್ನುವುದಷ್ಟೇ ನಿನಗೆ ಗೊತ್ತು. ನೀನಾಗ ಆರನೇ ಕ್ಲಾಸು. ಯಾಕೆ ಮುಚ್ಚಿತು ಎಂದು ನಾನು ಪೂರ್ತಿ ಹೇಳಿಯೇ ಇಲ್ಲ.

ಅಲ್ಲಿ ಒಬ್ಬರು ಕ್ಲಾರ್ಕ್ ಇದ್ದರು. ಮಕ್ಕಳೆಲ್ಲ ಅವರನ್ನು ಆಫೀಸ್ ಮಾವ ಅನ್ನುತ್ತಿದ್ದವು. ಒಂದೊಂದು ಮಗುವಿಗೂ ಹೊರದೇಶದಲ್ಲಿ ಒಬ್ಬ ದಾನಿ. ಮಗುವಿನ ಫೋಟೋ ಅವರ ಮನೆಗೆ ಹೋಗುತ್ತಿತ್ತು, ಡಿಸೆಂಬರಿನಲ್ಲಿ ಅಲ್ಲಿಂದ ಕಾರ್ಡು ಬರುತ್ತಿತ್ತು. ಆಫೀಸ್ ಮಾವನ ಫೋಟೋ ಯಾರ ಮನೆಗೂ ಹೋಗಲಿಲ್ಲ. ಅವರ ಸಂಬಳ ಉಳಿದ ದುಡ್ಡಿನಲ್ಲಿ ಆಗಬೇಕಿತ್ತು. ಉಳಿಯುತ್ತಿರಲಿಲ್ಲ.

ಆ ಮನುಷ್ಯನ ಕೆಲಸ ನೀನು ನೋಡಬೇಕಿತ್ತು. ಅಕ್ಕಿ, ತೆಂಗಿನೆಣ್ಣೆ, ಸೌದೆ, ಎಲ್ಲದರ ಬಿಲ್ಲನ್ನೂ ಹಳೇ ಕಾಗದದ ಮೇಲೆ ಅಂಟಿಸಿ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ನಂಬರು ಹಾಕುತ್ತಿದ್ದರು. ತರಕಾರಿಯವಳು ಬಿಲ್ಲು ಕೊಡುವುದಿಲ್ಲ, ಅಲ್ವಾ? ಅದಕ್ಕೆ ಒಂದು ವೋಚರ್ ಬರೆದು ನನ್ನ ಸಹಿ ಹಾಕಿಸುತ್ತಿದ್ದರು. ಐದು ರೂಪಾಯಿಯ ಕೊತ್ತಂಬರಿ ಸೊಪ್ಪಿಗೂ ಸಹಿ. ನನಗೆ ಒಲೆಯ ಮೇಲೆ ಸಾರು ಕುದಿಯುತ್ತಿದ್ದರೂ ಬಿಡುತ್ತಿರಲಿಲ್ಲ. ಮಗಳ ಮದುವೆ ಹತ್ತಿರ ಬಂದಾಗ ಅವರು ಗೇರುಬೀಜ ಕಾರ್ಖಾನೆಯ ಆಫೀಸಿಗೆ ಸೇರಿದರು. ಹೋಗಬೇಡಿ ಎಂದು ಯಾರೂ ಹೇಳಲಿಲ್ಲ. ಲೆಕ್ಕ ತಾನೇ, ಯಾರಾದರೂ ಬರೆದರಾಯಿತು ಅಂದಿತು ಕಮಿಟಿ.

ಯಾರೂ ಬರೆಯಲಿಲ್ಲ. ಬಿಲ್ಲುಗಳು ಬಿಸ್ಕತ್ತಿನ ರಟ್ಟಿನ ಡಬ್ಬಿಯಲ್ಲಿ ತುಂಬಿದವು. ಹೊರದೇಶದಿಂದ ಬಂದ ಹಣದ ಲೆಕ್ಕವನ್ನು ವರ್ಷವರ್ಷ ಸರ್ಕಾರಕ್ಕೆ ಕೊಡಬೇಕು, ಅದು ಹೋಗಲಿಲ್ಲ. ನೋಟಿಸು ಬಂದಾಗ ಅದಕ್ಕೆ ಉತ್ತರ ಬರೆಯಬಲ್ಲವರೂ ಇರಲಿಲ್ಲ. 2015ರಲ್ಲಿ ಹಾಗೆ ಲೆಕ್ಕ ಕೊಡದ ಸಾವಿರಾರು ಸಂಸ್ಥೆಗಳ ನೋಂದಣಿ ರದ್ದಾಯಿತು. ನಮ್ಮದೂ ಹೋಯಿತು.

ನವೆಂಬರಿನಲ್ಲಿ ಮಕ್ಕಳನ್ನು ಮನೆಗೆ ಕಳುಹಿಸಿದೆವು. ಶಾಲೆಯ ವರ್ಷದ ನಡುವೆ. ಜಗಲಿಯಲ್ಲಿ ಟ್ರಂಕುಗಳನ್ನು ಸಾಲಾಗಿ ಇಟ್ಟಿದ್ದೆ. ಒಂದೊಂದರ ಮೇಲೂ ಬಿಳಿ ಪೇಂಟಿನಲ್ಲಿ ಹೆಸರು ಬರೆದವಳು ನಾನೇ. ಮೂಡಿಗೆರೆ ಕಡೆಯ ಎಸ್ಟೇಟಿನಿಂದ ಬಂದಿದ್ದ ಒಂದು ಹುಡುಗಿ ಚಾಪೆ ಸುತ್ತಿ ನನ್ನ ಕೈಗೆ ಕೊಟ್ಟು, "ಇದು ಇಲ್ಲೇ ಇರಲಿ ಮೇಡಂ, ನಾನು ಜೂನಿನಲ್ಲಿ ಬರ್ತೇನೆ" ಅಂದಳು. ಬರಲಿಕ್ಕೆ ಜಾಗವೇ ಇರುವುದಿಲ್ಲ ಎಂದು ಅವಳಿಗೆ ಯಾರು ಹೇಳುವುದು? ಅವಳೀಗ ಎಲ್ಲಿದ್ದಾಳೋ. ಹತ್ತನೇ ಕ್ಲಾಸು ಮುಗಿಸಿದಳೋ ಇಲ್ಲವೋ. ನಿನ್ನ ಪಾಸಿಂಗ್ ಸರ್ಟಿಫಿಕೇಟು ಬಂದ ದಿನವೂ ನನಗೆ ಅವಳದ್ದೇ ಯೋಚನೆ ಬಂದಿತ್ತು. ನಮ್ಮಲ್ಲಿ ಅಡುಗೆಯವರಿದ್ದರು, ನಾನಿದ್ದೆ, ಉಗ್ರಾಣದಲ್ಲಿ ಅಕ್ಕಿಯೂ ಇತ್ತು. ಬೆಳಿಗ್ಗೆ ಸಂಜೆ ಪ್ರಾರ್ಥನೆಯನ್ನಂತೂ ತಪ್ಪಿಸಿದವರಲ್ಲ. ಲೆಕ್ಕ ಬರೆಯುವವರು ಒಬ್ಬರು ಇರಲಿಲ್ಲ, ಅಷ್ಟೇ. ಅಷ್ಟಕ್ಕೇ ಮುಚ್ಚಿಹೋಯಿತು.

ನೋಡು, ಎಲ್ಲಿಂದ ಎಲ್ಲಿಗೋ ಹೋದೆ.

ಎಫ್‌ಸಿಆರ್‌ಎ, ಅಂದರೆ ಹೊರದೇಶದ ದೇಣಿಗೆಯ ಕಾನೂನಿನ ವಿಷಯ ನನಗೆ ಹೇಳಿಕೊಟ್ಟವಳು ನೀನೇ. ಈಗ ನಿನಗೇ ಒಪ್ಪಿಸುತ್ತೇನೆ, ಯಾಕೆಂದರೆ ಭಾನುವಾರ ನೀನು ಇದನ್ನು ಹೇಳದೆ ತಲೆ ತಗ್ಗಿಸಿ ಕೂತುಬಿಟ್ಟೆ. ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚಕ್ಕೆ ಮೊದಲು ನೂರಕ್ಕೆ 50ರವರೆಗೆ ಬಳಸಬಹುದಿತ್ತು. 2020ರ ತಿದ್ದುಪಡಿ ಬಂದ ಮೇಲೆ ಬರೀ 20. ಆಸ್ಪತ್ರೆಯ ಡಾಕ್ಟರ ಸಂಬಳ, ಶಾಲೆಯ ಟೀಚರ ಸಂಬಳ ಆ ಲೆಕ್ಕಕ್ಕೆ ಬರುವುದಿಲ್ಲ. ಅಕೌಂಟ್ಸಿನವರ ಸಂಬಳ ಬರುತ್ತದೆ. ಆಫೀಸಿನ ಬಾಡಿಗೆ, ಕರೆಂಟ್ ಬಿಲ್ಲು, ಫೋನು ಎಲ್ಲ ಅದರೊಳಗೇ ಆಗಬೇಕು. ಕೆಲಸ ಮಾತ್ರ ಏರುತ್ತಲೇ ಇದೆ. ಡಿಸೆಂಬರ್ 31ರೊಳಗೆ ವಾರ್ಷಿಕ ಲೆಕ್ಕ, ಐದು ವರ್ಷಕ್ಕೊಮ್ಮೆ ನವೀಕರಣ, ಆಡಿಟ್, ಟಿಡಿಎಸ್. ಹಾಗಿರುವಾಗ ನಿನ್ನಂಥವರ ಸಂಬಳ ಎಲ್ಲಿಂದ ಬರಬೇಕು? ನಮ್ಮ ಸಭೆಗಳಿಂದಲೇ ಬರಬೇಕು. ಇದನ್ನು ನಿಂತು ಹೇಳು. ನಾಚಿಕೆ ಪಡಬೇಡ.

ಬೈಬಲ್ ವಾಕ್ಯ ಬೇಕು ಅನ್ನುವವರಿಗೆ ಮೊದಲನೆಯ ಸಮುವೇಲ 30ನೇ ಅಧ್ಯಾಯ ಓದಿ ಹೇಳು. ದಾವೀದನ ಜೊತೆ 600 ಮಂದಿ ಇದ್ದರು. ಬೆಸೋರ್ ಹಳ್ಳ ದಾಟಲಾಗದೆ 200 ಮಂದಿ ಸಾಮಾನು ಕಾಯುತ್ತಾ ಅಲ್ಲೇ ಉಳಿದರು. ಗೆದ್ದು ಬಂದವರಲ್ಲಿ ಕೆಲವರು, ಇವರಿಗೆ ಪಾಲು ಯಾಕೆ ಎಂದು ತಕರಾರು ತೆಗೆದರು. ದಾವೀದ ಒಪ್ಪಲಿಲ್ಲ. ಯುದ್ಧಕ್ಕೆ ಹೋದವನಿಗೂ ಸಾಮಾನಿನ ಹತ್ತಿರ ಉಳಿದವನಿಗೂ ಸಮಪಾಲು ಅಂದ, ಅದೇ ಇಸ್ರಾಯೇಲಿನಲ್ಲಿ ಕಟ್ಟಳೆಯಾಯಿತು. ಈ ತಕರಾರು ಅಷ್ಟು ಹಳೆಯದು, ಮಗಳೇ.

ದುಡ್ಡು ಕೇಳುವುದೆಂದರೆ ಭಿಕ್ಷೆ ಬೇಡಿದ ಹಾಗೆ ಅನ್ನಿಸುತ್ತದೆ ಎಂದೆಯಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನಿನವರನ್ನು ಸಾಕಿದ್ದು ದೊಡ್ಡ ಶ್ರೀಮಂತರು ಮಾತ್ರ ಅಂದುಕೊಂಡೆಯಾ? 1850ರ ದಶಕದಿಂದ ಅವರ ಊರಾದ ಸ್ವಿಟ್ಜರ್ಲೆಂಡಿನ ಕಡೆಯ ಸಾಮಾನ್ಯ ಜನ ವಾರಕ್ಕೆ ಅರ್ಧ ಬಾಟ್ಸೆನ್, ಅಂದರೆ ಒಂದು ಪುಡಿಕಾಸು, ಎತ್ತಿಟ್ಟು ಕೊಡುತ್ತಿದ್ದರು. ಮನೆಮನೆಗೆ ಹೋಗಿ ಅದನ್ನು ವಸೂಲಿ ಮಾಡಿ ಲೆಕ್ಕ ಇಡುವವರಿದ್ದರು. ನಮ್ಮ ಅಜ್ಜ ಓದಿದ ಶಾಲೆಗೂ ಆ ಕಾಸು ಸೇರಿದೆ. ಕೇಳಿದವರು ಇದ್ದದ್ದರಿಂದ ಕೊಟ್ಟವರಿದ್ದರು.

ಇನ್ನು ಕೆಲವು ಮಾತು. ಭಾಷಣ ಅನ್ನಬೇಡ, ಓದು.

ಕಾಣಿಕೆ ಕೊಡುವವರಿಗೆ ತಿಂಗಳಿಗೊಂದು ಪ್ರಾರ್ಥನಾ ಪತ್ರ ಕಳುಹಿಸು. ಅದರಲ್ಲಿ "ಆಫೀಸ್ ಕೆಲಸಕ್ಕಾಗಿ ಪ್ರಾರ್ಥಿಸಿ" ಎಂದು ಸುಮ್ನೆ ಬರೆಯಬೇಡ. ಆ ತಿಂಗಳು ನೀನು ಮಾಡಿದ ಒಂದು ಕೆಲಸದಿಂದ ಆಸ್ಪತ್ರೆಗೆ ಯಾವ ಔಷಧಿ ಬಂತು, ಯಾವ ನರ್ಸಿಗೆ ಪಿ.ಎಫ್. ಸಿಕ್ಕಿತು, ಅದನ್ನು ಬರೆ. ನೂರು ರೂಪಾಯಿ ಕೊಟ್ಟವರಿಗೂ ನಿನ್ನ ಕೈಯಾರೆ ಥ್ಯಾಂಕ್ಸ್ ಬರೆ. ರಸೀದಿ ಇಲ್ಲದೆ ಯಾರ ನಗದನ್ನೂ ಮುಟ್ಟಬೇಡ. ಸಂಸ್ಥೆಗೆ ಕೊಟ್ಟ ದಾನಕ್ಕೆ ತೆರಿಗೆ ವಿನಾಯಿತಿ ಇದೆಯೇ ಎಂದು ಕಾಗದ ನೋಡದೆ ಯಾರಿಗೂ ಅದರ ಆಸೆ ಹುಟ್ಟಿಸಬೇಡ. ಕೆನಡಾದ ಚಿಕ್ಕಮ್ಮ ಸಹಾಯ ಮಾಡುತ್ತೇನೆ ಅಂದಿದ್ದಾರೆ, ಆದರೆ ಅವರೀಗ ಅಲ್ಲಿಯ ಪೌರತ್ವ ತೆಗೆದುಕೊಂಡಿದ್ದಾರೆ. ಅವರು ಸಂಸ್ಥೆಗೆ ಕೊಟ್ಟರೆ ಅದು ವಿದೇಶಿ ದೇಣಿಗೆ. ಅದಕ್ಕೆಂದೇ ಇರುವ ದೆಹಲಿಯ ಎಸ್‌ಬಿಐ ಖಾತೆಗೇ ಹೋಗಬೇಕು. ಚಿಕ್ಕಮ್ಮನ ಮಗ ಇನ್ನೂ ಇಂಡಿಯನ್ ಪಾಸ್‌ಪೋರ್ಟಿನಲ್ಲೇ ಇದ್ದಾನೆ, ಅವನ ದುಡಿಮೆಯ ಹಣಕ್ಕೆ ಆ ತೊಡಕಿಲ್ಲ. ಅವನನ್ನು ಕೇಳು.

ನನಗೆ ನಿಜವಾದ ಹೆದರಿಕೆ ಬೇರೆ. ಅಲ್ಲಿ ಹೋದ ಮೇಲೆ ನಿನ್ನ ಬೆಂಬಲದ ಹಣ ಕಡಿಮೆ ಬಂದ ತಿಂಗಳು ನೀನು ಯಾರಿಗೂ ಹೇಳದೆ ಹೊಟ್ಟೆ ಕಟ್ಟುತ್ತೀ. ನನಗೆ ನಿನ್ನ ಸ್ವಭಾವ ಗೊತ್ತು. ಆಫೀಸ್ ಮಾವನೂ ಹೇಳುತ್ತಿರಲಿಲ್ಲ. ಸೇವೆ ಎಂದರೆ ಸಂಬಳ ಕೇಳಬಾರದು ಎಂದು ಯಾರಾದರೂ ಅಂದರೆ ಒಪ್ಪಬೇಡ. ರಾತ್ರಿ ಊಟ ಬಿಡಬೇಡ. ಮಾರ್ಚಿನಲ್ಲಿ ರಾತ್ರಿಯೆಲ್ಲ ಆಫೀಸಿನಲ್ಲಿ ಕೂರಬೇಡ. ಫೋನ್ ಮಾಡು.

ಕ್ಷಮಿಸು ಮಗಳೇ, ಪಪ್ಪನ ಪೆನ್ಷನ್ನಿನಲ್ಲಿ ಔಷಧಿ ಕಳೆದು ತಿಂಗಳಿಗೆ 1,000ಕ್ಕಿಂತ ಜಾಸ್ತಿ ನಮ್ಮಿಂದ ಆಗುತ್ತಿಲ್ಲ. ಮಂಗಳೂರಿನ ಒಳ್ಳೆಯ ಸಂಬಳದ ಕೆಲಸ ಬಿಟ್ಟು ಹೊರಟಿದ್ದೀ. ಸ್ವಲ್ಪ ದಿನ ನನಗೂ ಸಂಕಟವಾಯಿತು. ಆದರೆ ನಿನ್ನೆ ಪಕ್ಕದ ಮನೆಯವರು "ಮಗಳು ಮಿಷನಿನಲ್ಲಿ ಏನು ಕೆಲಸ?" ಎಂದು ಕೇಳಿದಾಗ, "ಅಕೌಂಟ್ಸ್ ನೋಡಿಕೊಳ್ಳುತ್ತಾಳೆ" ಎಂದು ಜೋರಾಗಿ ಹೇಳಿ ಬಂದೆ.

ಇನ್ನೊಂದು ವಿಷಯ. ಮಿಜೋರಾಮಿನ ಸಭೆಗಳಲ್ಲಿ ಹೆಂಗಸರು 1910ರಿಂದ ಅಡುಗೆಗೆ ಅಕ್ಕಿ ತೆಗೆಯುವಾಗಲೆಲ್ಲ ಒಂದು ಹಿಡಿ ಸಭೆಗೆಂದು ಎತ್ತಿಡುತ್ತಾರೆ. ಇದನ್ನು ಇಂದು ಸ್ತ್ರೀ ಕೂಟದಲ್ಲಿ ಹೇಳಿದೆ, ಬೋರ್ಡಿಂಗಿನ ಕತೆಯನ್ನೂ ಹೇಳಿದೆ. ನಮ್ಮಲ್ಲೂ ಶುರು ಮಾಡೋಣ, ಆ ಅಕ್ಕಿ ಮಾರಿದ ಹಣ ನಿನ್ನ ಹೆಸರಿಗೆ ಹೋಗಲಿ ಎಂದು ತೀರ್ಮಾನವಾಯಿತು. ಸದ್ಯಕ್ಕೆ ತಿಂಗಳಿಗೆ 1,500 ಅಂತ ಅಂದಾಜು. ನಿನಗೆ ಬೇಕಾದ 22,000ದಲ್ಲಿ 13,000 ಮೊದಲೇ ಒಪ್ಪಿಕೊಂಡಿದ್ದರು, ಈಗ 14,500 ಆಯಿತು. ಮಿಕ್ಕದ್ದಕ್ಕೆ ಪಾಸ್ಟರ್ ಅಯ್ಯನವರು ಬರುವ ಭಾನುವಾರ ನಿನಗೆ ಇನ್ನೊಮ್ಮೆ ಹತ್ತು ನಿಮಿಷ ಮಾತಾಡಲು ಕೊಡುತ್ತಾರಂತೆ. ಶನಿವಾರ ಸಂಜೆಯ ಬಸ್ಸಿಗೇ ಬಾ. ರಸೀದಿ ಪುಸ್ತಕ ಮರೆಯಬೇಡ.

ನಿನ್ನ ಅಮ್ಮ