ಗೆಳೆಯನಿಗೊಂದು ಪತ್ರ: ಆ ಏಳನೆಯ ಅಂಕಿ ಬೇಡ

ಪ್ರೀತಿಯ ಗೆಳೆಯಾ,

ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಕಥೆ ಕಟ್ಟುವ ನಮ್ಮ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಮುಂದಿನ ಶನಿವಾರದ ಸೆಷನ್ನಿಗಾಗಿ ನೀನು ಬರೆದು ಕಳುಹಿಸಿದ ಕಥಾಭಾಗವನ್ನು ಎರಡು ಸಲ ಓದಿದೆ. ಬಂದರು ಪಟ್ಟಣ, ಸುಗ್ಗಿಯ ಜಾತ್ರೆ, ಮೂರು ಸಾವಿರ ಜನರ ಮುಂದೆ ಹಾಡಲು ನಿಲ್ಲುವ ಹೆಸರಾಂತ ಗಾಯಕಿ, ಅವಳ ಹಾಡು ಮುಗಿಯುವುದರೊಳಗೆ ನಮ್ಮ ಆಟಗಾರರು ಕೋಟೆಯೊಳಕ್ಕೆ ನುಸುಳಬೇಕಾದ ಸಂದರ್ಭ, ಎಲ್ಲವೂ ಚೆನ್ನಾಗಿ ಕೂಡಿಬಂದಿದೆ. ಆದರೆ ಗಾಯಕಿಯ ಪಾತ್ರದ ಹಾಳೆಯಲ್ಲಿ ಅಂಕಿಗಳಲ್ಲಿ ಬರೆಯುವ ಆರು ಗುಣಗಳ ಕೆಳಗೆ ಏಳನೆಯದಾಗಿ ‘ರೂಪ’ ಎಂದು ಬರೆದು, ಅದಕ್ಕೊಂದು ಅಂಕಿ ಕೊಟ್ಟು, ಜನ ಅವಳನ್ನು ಹೇಗೆ ಬರಮಾಡಿಕೊಳ್ಳುತ್ತಾರೆ ಎಂಬುದನ್ನು ಆ ಅಂಕಿಯಿಂದಲೇ ತೀರ್ಮಾನಿಸೋಣ ಎಂದಿದ್ದೀಯಲ್ಲ, ಅದನ್ನು ನಾನು ಒಪ್ಪಲಾರೆ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲವಾದ್ದರಿಂದ ಕೂತು ಬರೆಯುತ್ತಿದ್ದೇನೆ. ನಮ್ಮಂತೆಯೇ ಮೇಜಿನ ಸುತ್ತ ದಾಳ ಹಿಡಿದು ಕೂರುವ ಇತರರೂ ಓದಲಿ ಎಂದು, ನೀನು ಒಪ್ಪಿಗೆ ಕೊಟ್ಟಿರುವುದರಿಂದ, ಎಲ್ಲರ ಮುಂದೆಯೂ ಇಡುತ್ತಿದ್ದೇನೆ.

ನೀನು ಹೊಸದೆಂದುಕೊಂಡಿರುವ ಈ ಅಂಕಿ ನಮ್ಮ ಆಟದಷ್ಟೇ ಹಳೆಯ ಚಪಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರಬಂದಾಗ ಅದರಲ್ಲಿ ಇದ್ದದ್ದು ಇಂದಿಗೂ ಇರುವ ಆರೇ ಗುಣಗಳು: ದೇಹಬಲ, ಚುರುಕುತನ, ತಾಳಿಕೆ, ಬುದ್ಧಿ, ವಿವೇಕ ಮತ್ತು ಕರಿಸ್ಮಾ, ಅಂದರೆ ವರ್ಚಸ್ಸು. ಎರಡೇ ವರ್ಷಕ್ಕೆ, 1976ರಲ್ಲಿ, ಅದೇ ಕಂಪನಿಯ ‘ದಿ ಡ್ರ್ಯಾಗನ್’ ಪತ್ರಿಕೆಯ ಲೇಖನವೊಂದು ಸ್ತ್ರೀ ಪಾತ್ರಗಳಿಗೆ ಕರಿಸ್ಮಾವನ್ನು ತೆಗೆದು ಅದರ ಜಾಗದಲ್ಲಿ ಸೌಂದರ್ಯದ ಅಂಕಿಯನ್ನು ಇಡುವಂತೆ ಸೂಚಿಸಿತು. ಗಂಡಿಗೆ ವರ್ಚಸ್ಸು, ಹೆಣ್ಣಿಗೆ ಚಂದ ಎಂಬ ಹಂಚಿಕೆ ಎಷ್ಟು ಸಲೀಸಾಗಿ ನಡೆದುಹೋಯಿತು ನೋಡು. 1978ರ ಆಟಗಾರರ ಕೈಪಿಡಿಯಲ್ಲಿ ಗೈಗ್ಯಾಕ್ಸ್ ಕರಿಸ್ಮಾವೆಂದರೆ ರೂಪ, ಮನವೊಲಿಸುವ ಶಕ್ತಿ ಮತ್ತು ವ್ಯಕ್ತಿತ್ವದ ಸೆಳೆತ ಮೂರೂ ಸೇರಿದ್ದೆಂದು ವಿವರಿಸಿ, ರೂಪವಿಲ್ಲದವರಿಗೂ ಉಳಿದೆರಡರ ಬಲದಿಂದ ಹೆಚ್ಚಿನ ಅಂಕಿ ಇರಬಹುದೆಂದು ಸ್ಪಷ್ಟವಾಗಿಯೇ ಬರೆದರು. ಆದರೂ 1985ರ ‘ಅನ್ಅರ್ತ್ಡ್ ಅರ್ಕೇನಾ’ ಪುಸ್ತಕದಲ್ಲಿ ಕಮ್ಲಿನೆಸ್ (ಚೆಲುವು) ಎಂಬ ಹೆಸರಿನಲ್ಲಿ ಏಳನೆಯ ಅಂಕಿ ಬಂದೇ ಬಂತು. ಆ ಅಂಕಿ ಬಹಳ ಹೆಚ್ಚಿದ್ದವರನ್ನು ಕಂಡವರು ಮಂತ್ರ ಹಾಕಿಸಿಕೊಂಡವರಂತೆ ಮರುಳಾಗಬೇಕು, ಬಹಳ ಕಡಿಮೆಯಿದ್ದವರನ್ನು ಕಂಡವರು ಅಸಹ್ಯಪಟ್ಟು ಮುಖ ತಿರುಗಿಸಬೇಕು. ಅದರಲ್ಲಿ ನನಗೆ ಮುಖ್ಯವೆನಿಸುವುದು ಬೇರೆಯೇ ಒಂದು ಸಂಗತಿ: ಮರುಳಾಗುವುದೂ ಬಿಡುವುದೂ ನೋಡುವವನ ವಿವೇಕದ ಅಂಕಿಯನ್ನು ಅವಲಂಬಿಸಿತ್ತು. ಅಂದರೆ ಹೊಣೆಯ ಒಂದು ಪಾಲು ನೋಡುವವನದೇ ಎಂಬುದು ಆ ನಿಯಮ ಬರೆದವರಿಗೂ ಅರೆಬರೆಯಾಗಿ ಹೊಳೆದಿತ್ತು. 1989ರ ಎರಡನೆಯ ಆವೃತ್ತಿಯ ಮೂಲ ನಿಯಮಗಳಲ್ಲಿ ಕಮ್ಲಿನೆಸ್ ಇರಲಿಲ್ಲ. ನಾವು ಆಡುವ 2014ರ ಐದನೆಯ ಆವೃತ್ತಿಯಂತೂ ಕರಿಸ್ಮಾವನ್ನು ಆತ್ಮವಿಶ್ವಾಸ, ಮಾತಿನ ಶಕ್ತಿ, ವ್ಯಕ್ತಿತ್ವ ಇವುಗಳ ಮೂಲಕವೇ ವಿವರಿಸುತ್ತದೆ.

ನಿಯಮದ ಪುಸ್ತಕ ಬಿಟ್ಟುಬಿಟ್ಟದ್ದನ್ನು ನಮ್ಮ ಮೇಜು ಬಿಡಲಿಲ್ಲ. ನಿನಗೆ ಆ ಮಳೆಯ ಭಾನುವಾರ ನೆನಪಿದೆಯೇ? ಮಹಡಿಯ ಕೋಣೆಯಲ್ಲಿ ಆರು ಜನ ಕೂತಿದ್ದೆವು, ಕಥೆ ಹೇಳಿ ಆಟ ನಡೆಸುವ ಡಿಎಂ ನಾನಾಗಿದ್ದೆ. ಹೊಸದಾಗಿ ಬಂದಿದ್ದ ಹುಡುಗಿ ಮೊದಲ ಹಂತದ ಬಾರ್ಡ್, ಅಂದರೆ ಹಾಡುಗಾರ್ತಿಯ, ಪಾತ್ರವನ್ನು ಮಾಡಿಕೊಂಡು ಬಂದಿದ್ದಳು. ಕರಿಸ್ಮಾ 17. ವಿವರಣೆಯ ಜಾಗದಲ್ಲಿ ಪೆನ್ಸಿಲಿನಿಂದ ಒತ್ತಿ ಬರೆದಿದ್ದಳು: ನಲವತ್ತೈದು ವರ್ಷ, ದಪ್ಪ ಮೈಕಟ್ಟು, ಮುಖದ ತುಂಬ ಸಿಡುಬಿನ ಕಲೆ, ಊರೂರು ಸುತ್ತಿ ಹಾಡಿ ಹೆಸರಾದವಳು. ಅದನ್ನು ಅವಳು ಓದಿ ಮುಗಿಸುವ ಮೊದಲೇ ‘ಹದಿನೇಳು ಅಂದಮೇಲೆ ಸುಂದರಿಯೇ ಆಗಿರಬೇಕಲ್ಲ’ ಎಂದು ಒಬ್ಬರು, ‘ಹಾಡೋಳು ಹೀಗಿದ್ರೆ ಜನ ನಿಂತು ಕೇಳ್ತಾರಾ’ ಎಂದು ಇನ್ನೊಬ್ಬರು ಹೇಳಿದರು. ನೀನೂ ನಕ್ಕೆ. ನಾನು ಏನನ್ನೂ ಹೇಳದೆ ನಕ್ಷೆಯನ್ನು ಬಿಡಿಸಿ ಹರಡಿದೆ. ಅವಳು ರಬ್ಬರು ತೆಗೆದುಕೊಂಡು ಆ ಸಾಲನ್ನು ಅಳಿಸಿ, ಮೇಜಿನ ಮೇಲೆ ಬಿದ್ದ ಪುಡಿಯನ್ನು ಅಂಗೈಯಿಂದ ಒಂದು ಕಡೆಗೆ ಸರಿಸಿ, ‘ಸುಂದರಿ, ಇಪ್ಪತ್ತು ವರ್ಷ’ ಎಂದು ಬರೆದಳು. ಇನ್ನೆರಡು ವಾರ ಬಂದಳು, ಆಮೇಲೆ ಬರಲಿಲ್ಲ. ಅವಳು ಬಿಟ್ಟುಹೋದ ಆ ಹಾಳೆ ನನ್ನ ಕಡತದಲ್ಲಿದೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಅಳಿಸಿದ ಅಕ್ಷರಗಳ ತಗ್ಗು ಇಂದಿಗೂ ಕಾಣುತ್ತದೆ, ‘ಸಿಡುಬಿನ’ ಎಂಬುದನ್ನಂತೂ ಪೂರ್ತಿಯಾಗಿ ಓದಬಹುದು. ಪಾತ್ರವು ಏನು ಮಾಡಬೇಕು, ಹೇಗಿರಬೇಕು ಎಂಬುದನ್ನು ಆಡುವವರೇ ಹೇಳುವುದು ನಮ್ಮ ಆಟದ ಮೂಲ ನಡಾವಳಿ. ಅದನ್ನು ಕಾಯಬೇಕಾಗಿದ್ದ ಜಾಗದಲ್ಲಿ ಆ ದಿನ ನಾನು ಕೂತಿದ್ದೆ, ಕಾಯಲಿಲ್ಲ.

ನಾವು ಅಂದು ಮಾಡಿದ್ದನ್ನು ಪಾಪ್ ಗಾಯಕಿಯರಿಗೆ ಇಡೀ ಜಗತ್ತು ಮಾಡುತ್ತದೆ. ಬಿಲ್ಲಿ ಐಲಿಶ್ ಅವರನ್ನೇ ತೆಗೆದುಕೊ. ಮೈ ಕಾಣದಷ್ಟು ಸಡಿಲವಾದ ಬಟ್ಟೆ ತೊಟ್ಟು ಹಾಡುತ್ತಿದ್ದ ಅವರು, ಒಳಗೆ ಏನಿದೆಯೆಂದು ಯಾರೂ ನೋಡಿಲ್ಲದಿದ್ದರೆ ಯಾರೂ ಅಭಿಪ್ರಾಯ ಹೇಳಲಾರರೆಂಬುದೇ ಅದಕ್ಕೆ ಕಾರಣವೆಂದು 2019ರ ಜಾಹೀರಾತೊಂದರಲ್ಲಿ ತಿಳಿಸಿದ್ದರು. 2020ರ ಜನವರಿಯಲ್ಲಿ, 18ನೆಯ ವಯಸ್ಸಿನಲ್ಲಿ, ಗ್ರ್ಯಾಮಿಯ ನಾಲ್ಕು ಪ್ರಮುಖ ಪ್ರಶಸ್ತಿಗಳನ್ನೂ ಒಂದೇ ರಾತ್ರಿ ಪಡೆದರು. ಅದೇ ಅಕ್ಟೋಬರಿನಲ್ಲಿ ತೋಳಿಲ್ಲದ ಬನಿಯನ್ನು ಮತ್ತು ಚಡ್ಡಿ ತೊಟ್ಟು ಬೀದಿಯಲ್ಲಿ ನಡೆಯುತ್ತಿದ್ದಾಗ ಯಾರೋ ತೆಗೆದ ಒಂದು ಚಿತ್ರಕ್ಕೆ ಅವರ ಮೈಕಟ್ಟನ್ನು ಅಳೆಯುವವರ ಸಂತೆಯೇ ನೆರೆಯಿತು. 2021ರಲ್ಲಿ ಬ್ರಿಟಿಷ್ ವೋಗ್ ಪತ್ರಿಕೆಯ ಮುಖಪುಟಕ್ಕೆ ಕಾರ್ಸೆಟ್ ತೊಟ್ಟು ನಿಂತಾಗ, ಮುಚ್ಚಿಕೊಂಡದ್ದಕ್ಕಾಗಿ ಹೊಗಳಿದ್ದವರಲ್ಲೇ ಕೆಲವರು ತನ್ನತನವನ್ನು ಮಾರಿಕೊಂಡಳೆಂದು ದೂರಿದರು. ಮೂರು ಸಂದರ್ಭಗಳಲ್ಲೂ ಹಾಡುವವಳು ಒಬ್ಬಳೇ. ನಿನ್ನ ಏಳನೆಯ ಅಂಕಿಯನ್ನು ಇದರಲ್ಲಿ ಯಾವ ದಿನ ನೋಡಿ ಬರೆಯುತ್ತೀಯೆ?

ಅಮೆರಿಕದ ಪಾಪ್ ಗಾಯಕಿ ಕ್ಯಾರೆನ್ ಕಾರ್ಪೆಂಟರ್ ಅವರ ವಿಷಯವನ್ನು ಬರೆಯಲು ನನಗೆ ಕೈ ಏಳುವುದಿಲ್ಲ, ಆದರೆ ಬಿಡಲಾಗದು. ಅವರು ಮೂಲತಃ ಡ್ರಮ್ ನುಡಿಸುತ್ತಿದ್ದವರು, ಡ್ರಮ್ಮುಗಳ ಹಿಂದೆ ಕೂತೇ ಹಾಡುತ್ತಿದ್ದವರು, ಅಲ್ಲಿ ಕೂರುವುದೇ ಅವರಿಗೆ ಇಷ್ಟವಾಗಿತ್ತು. ಹಾಡುವವಳು ಕಾಣಿಸಬೇಕೆಂಬ ಒತ್ತಾಯಕ್ಕೆ ವೇದಿಕೆಯ ಮುಂಭಾಗಕ್ಕೆ ಬಂದು ನಿಂತರು. ಊಟವನ್ನು ತೊರೆಯುವ ಅನೊರೆಕ್ಸಿಯಾ ಎಂಬ ಕಾಯಿಲೆಯಿಂದ ಹೃದಯ ಸೋತು 1983ರ ಫೆಬ್ರವರಿ 4ರಂದು ತೀರಿಕೊಂಡಾಗ ಅವರಿಗೆ 32 ವರ್ಷ. ಕಾಯಿಲೆಗೆ ಪ್ರೇಕ್ಷಕರ ಕಣ್ಣೊಂದೇ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ನಾವಿಬ್ಬರೂ ಆಕಾಶವಾಣಿಯಲ್ಲಿ ಎಸ್. ಜಾನಕಿಯವರ ದನಿಯನ್ನು ಕೇಳಿ ಬೆಳೆದವರು, ಅವರು ಹೇಗಿದ್ದಾರೆಂದು ತಿಳಿಯುವ ಎಷ್ಟೋ ವರ್ಷ ಮೊದಲೇ ಆ ದನಿ ನಮ್ಮ ಮನೆಯದಾಗಿತ್ತು. ಕಾಣಿಸಲೇಬೇಕೆಂದು ಹಾಡುವವರನ್ನು ಮುಂದಕ್ಕೆ ಎಳೆಯುವುದು ಎಂಥ ಬಲವಂತವೆಂದು ನಮಗಾದರೂ ಅರ್ಥವಾಗಬೇಕು.

ನಿನ್ನ ವಾದ ನನಗೆ ಗೊತ್ತು. ಜನ ರೂಪವನ್ನು ನೋಡಿಯೇ ನೋಡುತ್ತಾರೆ, ಆಟದಲ್ಲಿ ಅದನ್ನು ಅಡಗಿಸಿದರೆ ಜಾತ್ರೆಯ ದೃಶ್ಯ ಸುಳ್ಳಾಗುತ್ತದೆ ಎನ್ನುತ್ತೀಯೆ. ಅಡಗಿಸಬೇಡ, ಆದರೆ ಅಂಕಿಯನ್ನು ಇಡಬೇಕಾದ ಜಾಗದಲ್ಲಿ ಇಡು. 2009ರ ಏಪ್ರಿಲ್ 11ರಂದು ಪ್ರಸಾರವಾದ ‘ಬ್ರಿಟನ್ಸ್ ಗಾಟ್ ಟ್ಯಾಲೆಂಟ್’ ಸ್ಪರ್ಧೆಯಲ್ಲಿ ಸ್ಕಾಟ್ಲೆಂಡಿನ ಹಳ್ಳಿಯೊಂದರಿಂದ ಬಂದಿದ್ದ ಸೂಸನ್ ಬಾಯ್ಲ್ ತಮಗೆ 47 ವರ್ಷವೆಂದೂ ವೃತ್ತಿಪರ ಗಾಯಕಿಯಾಗಬೇಕೆಂಬುದು ತಮ್ಮ ಆಸೆಯೆಂದೂ ಹೇಳಿದಾಗ, ಸಭೆಯಲ್ಲಿ ಕಣ್ಣು ಹೊರಳಿಸಿದವರನ್ನು, ಮುಸಿಮುಸಿ ನಕ್ಕವರನ್ನು ಕ್ಯಾಮೆರಾ ಒಬ್ಬೊಬ್ಬರನ್ನಾಗಿ ತೋರಿಸಿತು. ಹಾಡು ಶುರುವಾದ ಕೆಲವೇ ಕ್ಷಣಗಳಲ್ಲಿ ಅದೇ ಸಭೆ ಎದ್ದು ನಿಂತಿತು. ನಮ್ಮ ಆಟದ ಭಾಷೆಯಲ್ಲಿ ಹೇಳುವುದಾದರೆ, ಅವರ ಹಾಳೆಯಲ್ಲಿ ಏನೂ ಕಡಿಮೆಯಿರಲಿಲ್ಲ, ಇಪ್ಪತ್ತು ಮುಖದ ದಾಳ ಉರುಳುವ ಮೊದಲೇ ಸಭೆಯು ತನ್ನ ಡಿಸಿಯನ್ನು, ಅಂದರೆ ಗೆಲ್ಲಲು ಮುಟ್ಟಬೇಕಾದ ಅಂಕಿಯನ್ನು, ಏರಿಸಿಕೊಂಡಿತ್ತು. ಅವರು ಅದನ್ನು ದಾಟಿದರೆಂಬುದು ಸಂತೋಷದ ವಿಷಯವೇ ಹೌದು, ಆದರೆ ಆ ಎತ್ತರವನ್ನು ಕಟ್ಟಿದವರು ಯಾರೆಂದು ಆಮೇಲೆ ಕೇಳಿದವರು ಕಡಿಮೆ. ದನಿಯನ್ನು ಹೊಗಳಿದ ಪತ್ರಿಕೆಗಳೇ ಮರುವಾರ ಅವರ ಹುಬ್ಬು ಮತ್ತು ಕೂದಲನ್ನು ಕುರಿತು ಬರೆಯತೊಡಗಿದವು.

ಆದ್ದರಿಂದ ನನ್ನ ಸಲಹೆ ಇದು. ಗಾಯಕಿಯ ಹಾಳೆಯಿಂದ ‘ರೂಪ’ವನ್ನು ತೆಗೆದುಹಾಕು. ಬದಲಿಗೆ ಜಾತ್ರೆಯ ಜನರಿಗೆ ಒಂದು ಹಾಳೆ ಮಾಡು. ಹಡಗಿನ ಕೂಲಿಗಳ ಗುಂಪಿಗೆ ಡಿಸಿ 10 ಸಾಕು, ದಿನವಿಡೀ ಮೂಟೆ ಹೊತ್ತವರು ಹಾಡು ಕೇಳಲೆಂದೇ ಬಂದಿರುತ್ತಾರೆ. ವರ್ತಕರ ಸಾಲಿಗೆ 15. ಅವಳನ್ನು ಹತ್ತು ವರ್ಷದ ಹಿಂದೆ ನೋಡಿ, ಆ ಮುಖವನ್ನೇ ಮತ್ತೆ ಕಾಣಲು ಬಂದ ಶ್ರೀಮಂತರ ಚಪ್ಪರಕ್ಕೆ 20. ಯಾಕೆ 20 ಎಂಬುದನ್ನು ನಮ್ಮ ಆಟಗಾರರು ಜನರ ನಡುವೆ ಓಡಾಡಿ, ಅವರ ಮಾತು ಕೇಳಿಯೇ ಕಂಡುಹಿಡಿಯಲಿ. ಬೇಕಾದರೆ ಒಬ್ಬ ಆಟಗಾರ ಚಪ್ಪರದೊಳಗೆ ಹೋಗಿ ಮಾತಾಡಿ ಆ ಅಂಕಿಯನ್ನು ಇಳಿಸಲೂ ಅವಕಾಶವಿರಲಿ. ಕೋಟೆಗೆ ನುಸುಳುವವರಿಗೆ ಎಷ್ಟು ಸಮಯ ಸಿಗುತ್ತದೆಂಬುದು ಅದರಿಂದಲೇ ನಿರ್ಧಾರವಾದರೆ ನಿನ್ನ ಕಥೆ ಈಗಿರುವುದಕ್ಕಿಂತ ಬಿಗಿಯಾಗುತ್ತದೆ ಎಂಬುದು ನನ್ನ ನಂಬಿಕೆ.

ಇನ್ನೊಂದು ಮಾತು. ಆ ಬಾರ್ಡ್ ಹುಡುಗಿಗೆ ಮೊನ್ನೆ ನಾನು ಫೋನು ಮಾಡಿ ಅಂದಿನ ನನ್ನ ಮೌನಕ್ಕೆ ಕ್ಷಮೆ ಕೇಳಿದೆ. ಆಟಕ್ಕೆ ಮರಳುವ ವಿಚಾರವನ್ನು ಅವಳು ಎತ್ತಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಆದರೆ ಆ ಹಾಳೆ ಇನ್ನೂ ಇದೆಯೇ ಎಂದು ಕೇಳಿದಳು, ಇದೆ ಎಂದೆ. ನೀನೂ ಒಮ್ಮೆ ಅವಳೊಡನೆ ಮಾತಾಡಬೇಕೆಂದು ನನ್ನ ಆಸೆ. ತಿದ್ದಿದ ಕಥಾಭಾಗವನ್ನು ಗುರುವಾರದೊಳಗೆ ಕಳುಹಿಸಿದರೆ ಜನರ ಹಾಳೆಗಳನ್ನು ನಾನೇ ಬರೆದು ಸಿದ್ಧಮಾಡುತ್ತೇನೆ.

ಇಂತಿ ನಿನ್ನ ಗೆಳೆಯ