ತೊಳೆಯುವ ಮುನ್ನ ಫಿಲ್ಟರು ಯಾವುದೆಂದು ನೋಡಿ

ಸಂಪಾದಕರಿಗೆ,

ಮಾನ್ಯರೇ,

ಹುಲ್ಲು ಕತ್ತರಿಸುವ ಯಂತ್ರಗಳ ನಿರ್ವಹಣೆ ಕುರಿತು ತಮ್ಮ ಪತ್ರಿಕೆಯಲ್ಲಿ ಬಂದ ಬರಹದಲ್ಲಿ, ಇಂಜಿನ್ನಿಗೆ ಹೋಗುವ ಗಾಳಿಯನ್ನು ಸೋಸುವ ಏರ್ ಫಿಲ್ಟರನ್ನು ಆಗಾಗ ತೊಳೆದು ಒಣಗಿಸಿ ಹಾಕಿಕೊಳ್ಳಬೇಕೆಂಬ ಒಂದು ಸಾಲಿನ ಸಲಹೆಯಿತ್ತು. ಸ್ಪಂಜಿನಂತಿರುವ ಫೋಮ್ ಫಿಲ್ಟರಿಗೆ ಈ ಮಾತು ಸರಿ. ಆದರೆ ನೆರಿಗೆ ಹಿಡಿದ ಕಾಗದದ ಫಿಲ್ಟರನ್ನು ಹೀಗೆ ನೀರಿಗೆ ಹಾಕಿದರೆ ಫಿಲ್ಟರು ಕೆಡುವುದಲ್ಲದೆ ಇಂಜಿನ್ನಿನ ಆಯುಷ್ಯಕ್ಕೂ ಕುತ್ತು ಬರುತ್ತದೆ. ಫಿಲ್ಟರು ಯಾವ ಬಗೆಯದೆಂದು ಹೇಳದೆ ಶುಚಿ ಮಾಡುವ ಕ್ರಮ ಹೇಳುವುದಕ್ಕೇ ನನ್ನ ಆಕ್ಷೇಪ.

ಒಂದು ಭಾಗ ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ನೆಲಕ್ಕೆ ಅಂಟಿಕೊಂಡಂತೆ ಓಡುವ ಈ ಯಂತ್ರ, ತಾನೇ ಎಬ್ಬಿಸಿದ ಧೂಳು ಮತ್ತು ಹುಲ್ಲಿನ ಪುಡಿಯ ನಡುವಿನಿಂದಲೇ ಆ ಗಾಳಿಯನ್ನು ಎಳೆದುಕೊಳ್ಳಬೇಕು. ಫಿಲ್ಟರು ಕಟ್ಟಿಕೊಂಡರೆ ಗಾಳಿ ಸಾಲದೆ ಕಪ್ಪು ಹೊಗೆ ಬರುತ್ತದೆ, ಸ್ಪಾರ್ಕ್ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಎತ್ತರದ ಹುಲ್ಲು ಸಿಕ್ಕಾಗ ಇಂಜಿನ್ನು ಏದುಸಿರು ಬಿಡುತ್ತದೆ. ಇವೆಲ್ಲ ಕಣ್ಣಿಗೆ, ಕಿವಿಗೆ ತಿಳಿಯುವ ದೋಷಗಳು. ಹರಿದ ಫಿಲ್ಟರಿನ ದೋಷ ಹಾಗೆ ತಿಳಿಯುವುದಿಲ್ಲ. ಧೂಳಿನಲ್ಲಿರುವ ಸ್ಫಟಿಕದ ಕಣಗಳು ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ 7ರಷ್ಟು ಗಡಸು. ಎಣ್ಣೆಯೊಡನೆ ಬೆರೆತು ಅವು ಸಿಲಿಂಡರಿನ ಗೋಡೆಯನ್ನೂ ಪಿಸ್ಟನ್ ರಿಂಗುಗಳನ್ನೂ ಉಜ್ಜುಕಾಗದದಂತೆ ಸವೆಸುತ್ತವೆ. ಎಣ್ಣೆ ಉರಿದು ನೀಲಿ ಹೊಗೆ ಕಾಣಿಸುವ ಹೊತ್ತಿಗೆ ಸವೆತ ಸಾಕಷ್ಟು ಆಗಿರುತ್ತದೆ. ಆದ್ದರಿಂದ ಹರಿದ ಫಿಲ್ಟರಿಗಿಂತ ತುಸು ಕೊಳೆಯಾದ ಫಿಲ್ಟರೇ ಮೇಲೆಂದು ನಾನು ಹೇಳುತ್ತೇನೆ.

ಇದು ಅನುಭವದಿಂದ ಕಲಿತ ಪಾಠ. ಒಮ್ಮೆ ಕಾಗದದ ಫಿಲ್ಟರಿಗೆ ಕಂಪ್ರೆಸರಿನ ಗಾಳಿ ಹೊಡೆದು, ಇಂಜಿನ್ನು ಹಗುರಾಗಿ ಓಡುತ್ತಿದೆಯೆಂದು ಹಿಗ್ಗಿದ್ದೆ. ಮುಂದೊಂದು ದಿನ ಅದನ್ನು ದೀಪಕ್ಕೆ ಅಡ್ಡ ಹಿಡಿದು ನೋಡಿದಾಗ ನೆರಿಗೆಗಳ ಬುಡದಲ್ಲಿ ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು ಕಂಡವು; ಗಾಳಿಯ ರಭಸಕ್ಕೆ ಕಾಗದ ಅಲ್ಲಲ್ಲಿ ತೂತಾಗಿತ್ತು. ಕಾಗದದ ಫಿಲ್ಟರನ್ನು ಸಮತಟ್ಟಾದ ಹಲಗೆಯ ಮೇಲೆ ಮೆಲ್ಲಗೆ ತಟ್ಟಿ ಧೂಳು ಉದುರಿಸಬಹುದು, ಅಷ್ಟೆ. ನೀರು, ಸೋಪು, ಎಣ್ಣೆ, ಕಂಪ್ರೆಸರ್ ಯಾವುದೂ ಕೂಡದು. ತಟ್ಟಿದ ಮೇಲೂ ಬೆಳಕು ಹಾಯದಷ್ಟು ಕೊಳೆ ಉಳಿದಿದ್ದರೆ ಹೊಸದನ್ನೇ ಹಾಕಬೇಕು.

ಫೋಮ್ ಫಿಲ್ಟರನ್ನು ಉಗುರುಬೆಚ್ಚಗಿನ ನೀರಿನಲ್ಲಿ, ಪಾತ್ರೆ ತೊಳೆಯುವ ಸೋಪಿನಿಂದ ತೊಳೆಯಬೇಕು. ಬಟ್ಟೆಯಂತೆ ಹಿಂಡಿ ತಿರುಚಿದರೆ ಹರಿಯುತ್ತದೆ. ಅಂಗೈಗಳ ನಡುವೆ ಒತ್ತಿ ನೀರು ತೆಗೆದು ಪೂರ್ತಿ ಒಣಗಲು ಬಿಡಬೇಕು. ಬಳಿಕ ಸ್ವಲ್ಪ ಹೊಸ ಇಂಜಿನ್ ಆಯಿಲ್ ಸವರಿ, ಎಲ್ಲೆಡೆ ಹರಡುವಂತೆ ಒತ್ತಿ, ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಹೀರಿಸಬೇಕು; ಧೂಳು ಹಿಡಿಯುವುದು ಆ ಎಣ್ಣೆಯ ಅಂಟೇ. ಪೆಟ್ರೋಲಿನಲ್ಲಿ ಅದ್ದಿ ತೊಳೆಯುವ ಅಭ್ಯಾಸ ಬೆಂಕಿಗೆ ಆಹ್ವಾನ, ಫೋಮಿಗೂ ಹಾನಿ. ಕಾಗದದ ಫಿಲ್ಟರಿನ ಹೊರಗೆ ಫೋಮಿನ ಹೊದಿಕೆಯೂ ಇದ್ದರೆ, ಎಣ್ಣೆ ಕಾಗದಕ್ಕೆ ಇಳಿಯುವ ಕಾರಣ ಆ ಹೊದಿಕೆಗೆ ಸಾಮಾನ್ಯವಾಗಿ ಎಣ್ಣೆ ಹಾಕುವುದಿಲ್ಲ. ಈ ವಿಷಯದಲ್ಲಿ ಇಂಜಿನ್ನಿನ ಕೈಪಿಡಿ ಹೇಳಿದ್ದೇ ಅಂತಿಮ. ಫೋಮಿಗೆ 25 ಗಂಟೆಯ ಕೆಲಸಕ್ಕೊಮ್ಮೆ ಶುಚಿ, ಕಾಗದಕ್ಕೆ 100 ಗಂಟೆಗೆ ಅಥವಾ ವರ್ಷಕ್ಕೊಮ್ಮೆ ಬದಲಾವಣೆ ಎಂದು ಹಲವು ಕೈಪಿಡಿಗಳು ಹೇಳುತ್ತವೆಯಾದರೂ ಒಣನೆಲದಲ್ಲಿ ಈ ಅವಧಿ ಇನ್ನೂ ಕಡಿಮೆ.

ಇಂಜಿನ್ನು ಆರಿ ತಣ್ಣಗಾದ ಮೇಲೆ, ಸ್ಪಾರ್ಕ್ ಪ್ಲಗ್ಗಿನ ವೈರು ಕಳಚಿ, ಮುಚ್ಚಳದ ಹೊರಗಿನ ಧೂಳು ಒರೆಸಿಯೇ ಫಿಲ್ಟರು ಬಿಚ್ಚಬೇಕು. ಇಲ್ಲವಾದರೆ ಆ ಧೂಳೆಲ್ಲ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನ ಬಾಯಿಗೇ ಬೀಳುತ್ತದೆ. ಬ್ಲೇಡ್ ನೋಡಲೆಂದು ಯಂತ್ರವನ್ನು ಓರೆ ಮಾಡುವವರು ಏರ್ ಫಿಲ್ಟರಿನ ಬದಿ ಮೇಲಿರುವಂತೆ ನೋಡಿಕೊಂಡರೆ ಫಿಲ್ಟರು ಎಣ್ಣೆಯಲ್ಲಿ ತೊಯ್ಯುವುದು ತಪ್ಪುತ್ತದೆ.

ಇನ್ನು ಆಯ್ಕೆ. ಒಂದೇ ಕಂಪನಿಯ ಯಂತ್ರಗಳಲ್ಲೂ ಬೇರೆ ಬೇರೆ ಇಂಜಿನ್ನುಗಳಿರುವುದರಿಂದ, ಯಂತ್ರದ ಹೆಸರು ಹೇಳಿ ಕೊಂಡ ಫಿಲ್ಟರು ಹೊಂದದಿರಬಹುದು. ಇಂಜಿನ್ನಿನ ಮೇಲೇ ಇರುವ ಮಾಡೆಲ್ ಸಂಖ್ಯೆಯನ್ನು ಬರೆದುಕೊಂಡು ಹೋಗಬೇಕು. ತಯಾರಕರದ್ದೇ ಆಗಬೇಕೆಂಬ ಹಟ ನನಗಿಲ್ಲ. ಅಂಚಿನ ಸೀಲು ಸುತ್ತಲೂ ಬಿಗಿಯಾಗಿ ಕೂರುತ್ತದೆಯೇ, ಮುಚ್ಚಳ ಬಲವಂತವಿಲ್ಲದೆ ಮುಚ್ಚುತ್ತದೆಯೇ ಎಂಬುದೇ ಮುಖ್ಯ. ಅಂಚಿನಲ್ಲಿ ಕೂದಲೆಳೆಯಷ್ಟು ಸಂದಿದ್ದರೂ ಗಾಳಿ ಸೋಸದೆ ಅಲ್ಲಿಂದಲೇ ನುಗ್ಗುತ್ತದೆ. ಹಾಸಿಗೆಯ ಫೋಮನ್ನು ಅಳತೆಗೆ ಕತ್ತರಿಸಿ ತುರುಕುವುದಂತೂ ಜಾಣತನವಲ್ಲ. ಅದರ ರಂಧ್ರಗಳು ಈ ಕೆಲಸಕ್ಕೆಂದು ಮಾಡಿದವಲ್ಲ.

ತಮ್ಮ ಪತ್ರಿಕೆಯ ಆ ಬರಹವನ್ನು ಓದಿ ಕಾಗದದ ಫಿಲ್ಟರನ್ನು ಈಗಾಗಲೇ ತೊಳೆದಿರುವ ಓದುಗರು ಅದನ್ನು ಒಣಗಿಸಿ ಮತ್ತೆ ಬಳಸದಂತೆ ತಿಳಿಸುವ ಒಂದು ತಿದ್ದುಪಡಿಯನ್ನು ತಾವು ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ಓದುಗ